ಉಪಜ್ಞೆ, ಉದ್ಯಮ, ಸಿದ್ಧಿ: ವಿಲಿಯಂ ಹೆನ್ರಿ ಪರ್ಕಿನ್ನನ ಜೀವನದಿಂದ ಒಂದು ವಿವೇಚನೆ

1. ಪ್ರವೇಶ

ವಿಜ್ಞಾನದಲ್ಲಿ ಹೊಸದನ್ನು ಕಂಡವನನ್ನೂ ವ್ಯಾಪಾರದಲ್ಲಿ ಹಣ ಗಳಿಸಿದವನನ್ನೂ ಲೋಕವು ‘ಗೆದ್ದವನು’ ಎಂಬ ಒಂದೇ ಮಾತಿನಿಂದ ಕರೆಯುತ್ತದೆ. ಹಾಗೆ ಕರೆಯುವಾಗ ಆ ಗೆಲುವಿನ ಕಾರಣವನ್ನು ಒಂದು ಗಳಿಗೆಯಲ್ಲಿ, ಒಂದು ಹೊಳಹಿನಲ್ಲಿ ಹುಡುಕುವುದೂ ವಾಡಿಕೆಯಾಗಿದೆ. ಮರದಿಂದ ಹಣ್ಣು ಬಿದ್ದಿತು, ಸ್ನಾನದ ತೊಟ್ಟಿಯಿಂದ ನೀರು ಚೆಲ್ಲಿತು, ಕೂಡಲೇ ಸತ್ಯವು ಹೊಳೆಯಿತು ಎಂಬ ಕಥೆಗಳು ನೆನಪಿನಲ್ಲಿ ನಿಲ್ಲುವುದಕ್ಕೆ ಒಳ್ಳೆಯವೇ ಸರಿ. ಆದರೆ ಅವು ವಿದ್ಯಾರ್ಥಿಯ ಮನಸ್ಸಿನಲ್ಲಿ ಒಂದು ತಪ್ಪು ಅಭಿಪ್ರಾಯವನ್ನು ಬೇರೂರಿಸುತ್ತವೆ. ಅದಾವುದೆಂದರೆ, ಸೃಜನಶಕ್ತಿ ಎಂಬುದು ಕೆಲವರಿಗೆ ಮಾತ್ರ ಒದಗುವ ಅದೃಷ್ಟ. ಒದಗದವನು ಎಷ್ಟು ದುಡಿದರೂ ಫಲವಿಲ್ಲ, ಒದಗಿದವನು ದುಡಿಯಬೇಕಾಗಿಯೇ ಇಲ್ಲ ಎಂಬುದು.

ಈ ಅಭಿಪ್ರಾಯವನ್ನು ಪರೀಕ್ಷಿಸುವುದಕ್ಕೆ ಮೊದಲು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಅವಶ್ಯಕ. ಹಿಂದೆ ಯಾರೂ ಅರಿಯದಿದ್ದ ವಸ್ತುವನ್ನೋ ವಿಧಾನವನ್ನೋ ಕಾಣುವುದು ಉಪಜ್ಞೆ. ಹಾಗೆ ಕಂಡದ್ದನ್ನು ಬೇಕಾದಷ್ಟು ಪ್ರಮಾಣದಲ್ಲಿ, ಕೊಳ್ಳಬಹುದಾದ ಬೆಲೆಯಲ್ಲಿ, ಜನರ ಬಳಕೆಗೆ ಒದಗಿಸುವುದು ಉದ್ಯಮ. ಇವೆರಡರಿಂದ ಆ ವ್ಯಕ್ತಿಗೆ ದೊರೆಯುವ ಧನ, ಕೀರ್ತಿ, ತೃಪ್ತಿಗಳು ಸಿದ್ಧಿ. ಮೊದಲನೆಯದಿದ್ದು ಎರಡನೆಯದಿಲ್ಲದವರು ವಿಜ್ಞಾನದ ಚರಿತ್ರೆಯಲ್ಲಿ ಹೇರಳವಾಗಿದ್ದಾರೆ. ಎರಡೂ ಇದ್ದು ಮೂರನೆಯದು ಕೈತಪ್ಪಿದವರೂ ಇದ್ದಾರೆ.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕಾರಣವೇನೆಂಬುದನ್ನು ಚರ್ಚಿಸಿರುವುದು ಈ ಸಂದರ್ಭದಲ್ಲಿ ಉಪಯುಕ್ತವಾದುದು. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರವನ್ನೂ ನೋಡಿ ಪಡೆದ ವ್ಯುತ್ಪತ್ತಿ. ಅಭ್ಯಾಸವೆಂದರೆ ಬಲ್ಲವರ ಬಳಿ ಕಲಿತು ಮತ್ತೆ ಮತ್ತೆ ಮಾಡುವುದು. ಇವು ಮೂರು ಪ್ರತ್ಯೇಕ ಕಾರಣಗಳಲ್ಲ, ಮೂರೂ ಕೂಡಿದ ಒಂದೇ ಕಾರಣವೆಂದು ಅವನು ವಿಶೇಷವಾಗಿ ಎಚ್ಚರಿಸುತ್ತಾನೆ. ವಿಜ್ಞಾನದ ಉಪಜ್ಞೆಗೂ ಈ ಮಾತು ಸಲ್ಲುತ್ತದೆಯೆ? ಸಲ್ಲುವುದಾದರೆ ಉದ್ಯಮದ ಸಿದ್ಧಿಗೆ ಇಷ್ಟೇ ಸಾಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು ಕೃತಕ ಬಣ್ಣಗಳ ಉದ್ಯಮಕ್ಕೆ ತಳಹದಿಯನ್ನು ಹಾಕಿದ ಇಂಗ್ಲೆಂಡಿನ ರಸಾಯನಜ್ಞ ವಿಲಿಯಂ ಹೆನ್ರಿ ಪರ್ಕಿನ್ನನ ಜೀವನ. ಆಕಸ್ಮಿಕದಿಂದ ಗೆದ್ದವನೆಂದು ಪಠ್ಯಪುಸ್ತಕಗಳು ಹೆಸರಿಸುವವರಲ್ಲಿ ಅವನು ಪ್ರಮುಖನಾದುದರಿಂದ ಈ ಆಯ್ಕೆಗೆ ವಿಶೇಷ ಔಚಿತ್ಯವಿದೆ.

2. ಕಾಲ ಮತ್ತು ಕಲಿಕೆ

ಪರ್ಕಿನ್ನನು 1838ರ ಮಾರ್ಚ್ 12ರಂದು ಲಂಡನ್ನಿನ ಪೂರ್ವಭಾಗದಲ್ಲಿ ಜನಿಸಿದನು. ತಂದೆ ಬಡಗಿ, ಮನೆಗಳನ್ನು ಕಟ್ಟಿಸುವ ಕೆಲಸದಿಂದ ತಕ್ಕಮಟ್ಟಿಗೆ ಅನುಕೂಲಸ್ಥನಾದವನು. ಮಗನು ವಾಸ್ತುಶಿಲ್ಪಿಯಾಗಲೆಂಬುದು ಅವನ ಅಪೇಕ್ಷೆ. ಹುಡುಗನು ಸೇರಿದ ಸಿಟಿ ಆಫ್ ಲಂಡನ್ ಶಾಲೆಯಲ್ಲಿ ರಸಾಯನಶಾಸ್ತ್ರಕ್ಕೆ ಪಾಠದ ವೇಳೆಯಲ್ಲಿ ಸ್ಥಳವಿರಲಿಲ್ಲ. ಥಾಮಸ್ ಹಾಲ್ ಎಂಬ ಉಪಾಧ್ಯಾಯನು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಇಷ್ಟವುಳ್ಳವರಿಗೆ ಮಾತ್ರ, ಆ ವಿಷಯವನ್ನು ಪ್ರಯೋಗಗಳೊಡನೆ ಹೇಳಿಕೊಡುತ್ತಿದ್ದನು. ಊಟವನ್ನು ಬಿಟ್ಟು ಆ ಪಾಠಕ್ಕೆ ಹೋಗುತ್ತಿದ್ದ ಹುಡುಗರಲ್ಲಿ ಪರ್ಕಿನ್ನನೂ ಒಬ್ಬ. ಹಾಲನ ಪ್ರೋತ್ಸಾಹದಿಂದಲೇ ಅವನು ಮೈಕೇಲ್ ಫ್ಯಾರಡೆಯ ಉಪನ್ಯಾಸಗಳನ್ನು ಕೇಳಿದನು; 1853ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯನ್ನು ಸೇರಿದನು.

1845ರಲ್ಲಿ ಸ್ಥಾಪಿತವಾಗಿದ್ದ ಆ ಕಾಲೇಜಿನ ಮುಖ್ಯಾಧ್ಯಾಪಕನು ಜರ್ಮನಿಯಿಂದ ಬಂದಿದ್ದ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್. ಅವನಿಗೆ ಪ್ರಿಯವಾದ ವಿಷಯ ಕಲ್ಲಿದ್ದಲಿನ ಟಾರು. ಆ ಕಾಲದಲ್ಲಿ ಇಂಗ್ಲೆಂಡಿನ ನಗರಗಳ ಬೀದಿದೀಪಗಳು ಕಲ್ಲಿದ್ದಲಿನಿಂದ ತೆಗೆದ ಅನಿಲದಿಂದ ಉರಿಯುತ್ತಿದ್ದುವು. ಅನಿಲವನ್ನು ತೆಗೆದ ಮೇಲೆ ಉಳಿಯುತ್ತಿದ್ದ ಕಪ್ಪಾದ, ದುರ್ವಾಸನೆಯ, ಅಂಟಂಟಾದ ದ್ರವವೇ ಟಾರು. ಮರಕ್ಕೆ ಬಳಿಯುವುದೇ ಮೊದಲಾದ ಅಲ್ಪಸ್ವಲ್ಪ ಉಪಯೋಗವನ್ನು ಬಿಟ್ಟರೆ ಅದನ್ನು ಎಲ್ಲಿ ಸುರಿಯುವುದೆಂಬುದೇ ಒಂದು ಸಮಸ್ಯೆಯಾಗಿದ್ದಿತು. ಈ ಕಸದಲ್ಲಿ ಬೆನ್ಜೀನ್, ಅನಿಲೀನ್, ನ್ಯಾಫ್ತಲೀನ್, ಆಂತ್ರಸೀನ್ ಮೊದಲಾದ ಶುದ್ಧ ವಸ್ತುಗಳು ಅಡಗಿವೆಯೆಂಬುದು ಆಗತಾನೆ ತಿಳಿದುಬರುತ್ತಿದ್ದಿತು. ಹಾಫ್‌ಮನ್ನನ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡನು ಟಾರಿನಿಂದ ಬೆನ್ಜೀನನ್ನು ಬಟ್ಟಿಯಿಳಿಸಿ ಬೇರ್ಪಡಿಸುವ ಕ್ರಮವನ್ನು ರೂಪಿಸಿದನು. ಆ ಕೆಲಸದಲ್ಲಿದ್ದಾಗಲೇ ಬೆಂಕಿಗೆ ಸಿಕ್ಕಿ 1855ರಲ್ಲಿ ತೀರಿಕೊಂಡನು. ಪರ್ಕಿನ್ನನು ಕಾಲಿಟ್ಟದ್ದು ಇಂತಹ ಪ್ರಯೋಗಶಾಲೆಗೆ. ಹದಿನೇಳನೆಯ ವಯಸ್ಸಿಗೆ ಅವನು ಹಾಫ್‌ಮನ್ನನ ಸಂಶೋಧನ ಸಹಾಯಕನಾಗಿದ್ದನು.

ಅವನಿಗೆ ಮೊದಲು ದೊರೆತ ಸಂಶೋಧನೆಯ ವಿಷಯ ಆಂತ್ರಸೀನ್. ಅದರಿಂದ ಅಪೇಕ್ಷಿತ ವಸ್ತು ಬರಲಿಲ್ಲ, ಕೆಲಸವನ್ನು ಕೈಬಿಡಬೇಕಾಯಿತು. ಈ ಸೋಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಹದಿಮೂರು ಹದಿನಾಲ್ಕು ವರ್ಷಗಳ ಅನಂತರ ಅದರ ಬೆಲೆ ಗೊತ್ತಾಗುವುದಿದೆ.

3. ಸಫಲವಾಗದ ಪ್ರಯೋಗ

ಮಲೇರಿಯಾ ಜ್ವರಕ್ಕೆ ಆಗ ಗೊತ್ತಿದ್ದ ಒಂದೇ ನಂಬಲರ್ಹವಾದ ಮದ್ದು ಕ್ವಿನೈನ್. ಅದು ದೊರೆಯುತ್ತಿದ್ದುದು ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆಯಿಂದ. ನೀಲಗಿರಿಯಲ್ಲಿ ಸಿಂಕೋನ ತೋಟಗಳು ಎದ್ದದ್ದು 1860ರ ಅನಂತರ. ಭಾರತವೇ ಮೊದಲಾದ ಉಷ್ಣದೇಶಗಳಲ್ಲಿ ಸೈನ್ಯವನ್ನೂ ಅಧಿಕಾರಿಗಳನ್ನೂ ಇರಿಸಿದ್ದ ಇಂಗ್ಲೆಂಡಿಗೆ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಬಹುದೆ ಎಂಬುದು ಬಹು ಮಹತ್ವದ ಪ್ರಶ್ನೆಯಾಗಿದ್ದಿತು. ಹಾಗಾಗಬಹುದೆಂಬ ಆಸೆಯನ್ನು ಹಾಫ್‌ಮನ್ನನು ಬರವಣಿಗೆಯಲ್ಲಿ ವ್ಯಕ್ತಪಡಿಸಿದ್ದನು.

1856ರ ಈಸ್ಟರ್ ರಜೆಯಲ್ಲಿ ಪರ್ಕಿನ್ನನು ತನ್ನ ಮನೆಯಲ್ಲಿಯೇ ಅಣಿಮಾಡಿಕೊಂಡಿದ್ದ ಸಣ್ಣ ಪ್ರಯೋಗಶಾಲೆಯಲ್ಲಿ ಈ ಪ್ರಯತ್ನಕ್ಕೆ ಕೈಹಾಕಿದನು. ಆಗ ಅವನಿಗೆ ಹದಿನೆಂಟು ವರ್ಷ. ಅವನ ತರ್ಕ ಕೇವಲ ಎಣಿಕೆಯದು. ಇಂದಿನ ರೀತಿಯಲ್ಲಿ ಹೇಳುವುದಾದರೆ, ಕ್ವಿನೈನಿನ ಒಂದು ಅಣುವಿನಲ್ಲಿ ಇಂಗಾಲದ 20, ಜಲಜನಕದ 24, ಸಾರಜನಕದ 2, ಆಮ್ಲಜನಕದ 2 ಪರಮಾಣುಗಳಿವೆ. ಟಾರಿನಿಂದ ದೊರೆಯುವ ಟಾಲ್ಯುಯಿಡೀನಿನಿಂದ ತಯಾರಿಸಬಹುದಾದ ಆಲೈಲ್ ಟಾಲ್ಯುಯಿಡೀನ್ ಎಂಬ ವಸ್ತುವಿನ ಅಣುವಿನಲ್ಲಿ ಇಂಗಾಲ 10, ಜಲಜನಕ 13, ಸಾರಜನಕ 1. ಇಂತಹ ಎರಡು ಅಣುಗಳಿಗೆ ಆಮ್ಲಜನಕದ ಮೂರು ಪರಮಾಣುಗಳನ್ನು ಕೂಡಿಸಿ ನೀರಿನ ಒಂದು ಅಣುವನ್ನು ಕಳೆದರೆ ಲೆಕ್ಕವು ಕ್ವಿನೈನಿಗೆ ಸರಿಹೋಗುತ್ತದೆ. ಆದುದರಿಂದ ಪೊಟಾಸಿಯಂ ಡೈಕ್ರೋಮೇಟಿನಿಂದ ಆ ವಸ್ತುವನ್ನು ಉತ್ಕರ್ಷಿಸಿದರೆ ಕ್ವಿನೈನ್ ಬರಬೇಕೆಂದು ಅವನು ಊಹಿಸಿದನು.

ಲೆಕ್ಕವೇನೋ ಸರಿಯಾಗಿದ್ದಿತು, ತರ್ಕ ತಪ್ಪಾಗಿದ್ದಿತು. ಒಂದೇ ಸಂಖ್ಯೆಯ ಇಟ್ಟಿಗೆಗಳಿಂದ ದೇವಾಲಯವನ್ನೂ ಕಟ್ಟಬಹುದು, ದನದ ಕೊಟ್ಟಿಗೆಯನ್ನೂ ಕಟ್ಟಬಹುದು. ಪರಮಾಣುಗಳ ಎಣಿಕೆಯೊಂದೇ ಅಣುವಿನ ರಚನೆಯನ್ನು ನಿರ್ಣಯಿಸಲಾರದು. ಅಣುಗಳ ಒಳರಚನೆಯ ವಿಷಯ 1856ರಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಬೆನ್ಜೀನಿನ ಉಂಗುರ ರೂಪವನ್ನು ಕೆಕುಲೆ ಪ್ರತಿಪಾದಿಸಿದುದು 1865ರಲ್ಲಿ. ಕ್ವಿನೈನನ್ನು ಕೃತಕವಾಗಿ ಪಡೆಯುವ ದಾರಿಯನ್ನು ವುಡ್‌ವರ್ಡ್ ಮತ್ತು ಡೋರಿಂಗ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದುದು 1944ರಲ್ಲಿ, ಎಂದರೆ ಪರ್ಕಿನ್ನನ ಪ್ರಯತ್ನದ 88 ವರ್ಷಗಳ ಮೇಲೆ.

ಪರ್ಕಿನ್ನನ ಪಾತ್ರೆಯಲ್ಲಿ ಉಳಿದದ್ದು ಕೆಂಗಂದು ಬಣ್ಣದ ಒಂದು ಗಷ್ಟು. ಸಾಮಾನ್ಯ ವಿದ್ಯಾರ್ಥಿಯಾದರೆ ಪಾತ್ರೆಯನ್ನು ತೊಳೆದಿಟ್ಟು ಮತ್ತೊಂದು ವಿಷಯಕ್ಕೆ ಹೋಗುತ್ತಿದ್ದನು. ಪರ್ಕಿನ್ನನು ಹಾಗೆ ಮಾಡದೆ, ಹೀಗೇಕಾಯಿತೆಂದು ತಿಳಿಯಲು ಅದೇ ಕ್ರಿಯೆಯನ್ನು ಇನ್ನೂ ಸರಳವಾದ ವಸ್ತುವಿನ ಮೇಲೆ, ಅನಿಲೀನಿನ ಮೇಲೆ, ಮಾಡಿ ನೋಡಿದನು. ಈ ಸಲ ಬಂದ ಗಷ್ಟು ಕರ್ರಗಿದ್ದಿತು, ಮೊದಲಿನದಕ್ಕಿಂತಲೂ ನಿರಾಶಾದಾಯಕವಾಗಿದ್ದಿತು. ಅದನ್ನು ಒಣಗಿಸಿ ಮದ್ಯಸಾರದಲ್ಲಿ ಕರಗಿಸಿದಾಗ ದ್ರಾವಣವು ಮನೋಹರವಾದ ಊದಾ ಬಣ್ಣಕ್ಕೆ ತಿರುಗಿತು. ಅದರಲ್ಲಿ ಅದ್ದಿದ ರೇಷ್ಮೆಗೆ ಹತ್ತಿದ ಬಣ್ಣ ಸಾಬೂನಿನಿಂದ ತೊಳೆದರೂ ಹೋಗಲಿಲ್ಲ, ಬೆಳಕಿಗೆ ಹಿಡಿದರೂ ಬೇಗನೆ ಮಾಸಲಿಲ್ಲ. ಮುಂದೆ ಮಾವ್ ಎಂದು ಹೆಸರಾದ ಬಣ್ಣ ಇದೇ.

ಇದರಲ್ಲಿ ಆಕಸ್ಮಿಕವಾದುದು ಯಾವುದು? ಅವನ ಅನಿಲೀನ್ ಶುದ್ಧವಾಗಿರಲಿಲ್ಲ. ಅದರಲ್ಲಿ ಟಾಲ್ಯುಯಿಡೀನುಗಳು ಬೆರೆತಿದ್ದುವು. ಆ ಕಲ್ಮಷವಿಲ್ಲದಿದ್ದರೆ ಈ ಬಣ್ಣವೇ ಹುಟ್ಟುತ್ತಿರಲಿಲ್ಲ. ಇದು ನಿಶ್ಚಯವಾಗಿಯೂ ಅದೃಷ್ಟ. ಆದರೆ ಉಳಿದುದನ್ನು ಅದೃಷ್ಟವೆನ್ನಲಾಗದು. ಹುಟ್ಟಿದ್ದೇನೆಂದು ತಿಳಿಯಲು ಸರಳವಾದ ಉದಾಹರಣೆಗೆ ಹೋಗಬೇಕೆಂಬುದು ಶಿಕ್ಷಣದಿಂದ ಬಂದ ವಿವೇಕ. ಮೇಲಾಗಿ, ಆ ವರ್ಷದ ಆದಿಯಲ್ಲಿಯೇ ಅವನು ತನ್ನ ಗೆಳೆಯ ಆರ್ಥರ್ ಚರ್ಚನೊಡನೆ ಸೇರಿ ಬೇರೊಂದು ಬಣ್ಣದ ವಸ್ತುವನ್ನು ತಯಾರಿಸಿ ಅದರ ವಿಷಯ ಲೇಖನವನ್ನು ಒಪ್ಪಿಸಿದ್ದನು. ಬಣ್ಣವನ್ನು ಕಂಡಾಗ ಅದು ಬಟ್ಟೆಗೆ ಹಿಡಿಯುತ್ತದೆಯೆ ಎಂದು ನೋಡುವ ಅಭ್ಯಾಸ ಅವನ ಕಣ್ಣಿಗೂ ಕೈಗೂ ಆಗಲೇ ಬಂದಿದ್ದಿತು. ಮಮ್ಮಟನು ಹೇಳಿದ ಮೂರೂ ಇಲ್ಲಿ ಕೂಡಿರುವುದನ್ನು ನೋಡಬಹುದು. ಕಲ್ಮಷವು ಎಲ್ಲರ ಅನಿಲೀನಿನಲ್ಲಿಯೂ ಇದ್ದಿತು. ಅದು ಫಲಿಸಿದುದು ಸಿದ್ಧವಾಗಿದ್ದ ಒಂದು ಮನಸ್ಸಿನಲ್ಲಿ ಮಾತ್ರ.

ಆ ಬಣ್ಣದ ಅಣುರಚನೆ ನಿಖರವಾಗಿ ನಿರ್ಣಯವಾದುದು 1994ರಲ್ಲಿ ಎಂಬುದೂ ಗಮನಾರ್ಹ. ತಾನು ಕಂಡದ್ದು ಏನೆಂಬುದರ ಪೂರ್ಣಜ್ಞಾನ ಉಪಜ್ಞೆಗೆ ಬೇಕೇಬೇಕೆಂದಿಲ್ಲ. ಕಂಡದ್ದನ್ನು ಬಿಡದಿರುವ ಶ್ರದ್ಧೆ ಬೇಕು.

4. ಪ್ರಯೋಗಶಾಲೆಯಿಂದ ಕಾರ್ಖಾನೆಗೆ

ಇಲ್ಲಿಗೆ ಉಪಜ್ಞೆಯ ಕಥೆ ಮುಗಿಯುತ್ತದೆ. ಜನಪ್ರಿಯ ಗ್ರಂಥಗಳು ನಿಲ್ಲುವುದೂ ಇಲ್ಲಿಯೇ. ಆದರೆ ಪರ್ಕಿನ್ನನ ನಿಜವಾದ ದುಡಿಮೆ ಇನ್ನು ಮುಂದೆ ಮೊದಲಾಯಿತು.

ಅವನು ಬಣ್ಣ ಕಟ್ಟಿದ ರೇಷ್ಮೆಯ ತುಂಡನ್ನು ಸ್ಕಾಟ್ಲೆಂಡಿನ ಪರ್ತ್ ನಗರದಲ್ಲಿ ಬಣ್ಣಗಾರಿಕೆಯ ದೊಡ್ಡ ಕಾರ್ಖಾನೆ ನಡೆಸುತ್ತಿದ್ದ ಪುಲ್ಲರ್ ಮನೆತನದವರಿಗೆ ಕಳುಹಿಸಿದನು. ಬಟ್ಟೆಯ ಬೆಲೆಯನ್ನು ತೀರ ಹೆಚ್ಚಿಸದಿದ್ದರೆ ಬಹುಕಾಲದಿಂದ ಇಷ್ಟು ಬೆಲೆಬಾಳುವ ಬಣ್ಣ ಬಂದಿಲ್ಲವೆಂಬ ಅರ್ಥದ ಉತ್ತರ 1856ರ ಜೂನ್ ತಿಂಗಳಿನಲ್ಲಿ ಬಂದಿತು. ಕಾವ್ಯಕ್ಕೆ ಸಹೃದಯನಿರುವಂತೆ ಉದ್ಯಮಕ್ಕೆ ಬಳಕೆದಾರನು. ಹದಿನೆಂಟರ ಹುಡುಗನು ತನ್ನ ಕೃತಿಯ ಗುಣವನ್ನು ತಾನೇ ನಿರ್ಧರಿಸದೆ, ಅದನ್ನು ದಿನವೂ ಬಳಸುವವರ ಮುಂದೆ ಮೊದಲು ಇರಿಸಿದುದು ಅವನ ವಿವೇಕಕ್ಕೆ ಸಾಕ್ಷಿ. ‘ಬೆಲೆ ಹೆಚ್ಚಾಗದಿದ್ದರೆ’ ಎಂಬ ಆ ಷರತ್ತು ಮುಂದಿನ ಅವನ ಎಲ್ಲ ಕೆಲಸವನ್ನೂ ಗೊತ್ತುಪಡಿಸಿತು.

1856ರ ಆಗಸ್ಟ್ ತಿಂಗಳಿನಲ್ಲಿ ಅವನು ಪೇಟೆಂಟ್ ಪಡೆದನು. ಕಾಲೇಜನ್ನು ಬಿಡುವುದಾಗಿ ತಿಳಿಸಿದಾಗ ಹಾಫ್‌ಮನ್ನನು ಅಸಮಾಧಾನಗೊಂಡನು. ಉಜ್ವಲ ಭವಿಷ್ಯವುಳ್ಳ ಶಿಷ್ಯನು ಬಣ್ಣದ ವ್ಯಾಪಾರಕ್ಕಾಗಿ ಶಾಸ್ತ್ರವನ್ನು ತೊರೆಯುವನೆಂಬ ಗುರುವಿನ ನೋವು ಅಕಾರಣವಾದುದಲ್ಲ. ಕೆಲಸವು ಕೈಗೂಡದಿದ್ದರೆ ಹುಡುಗನು ವಿದ್ಯೆ, ವ್ಯಾಪಾರ ಎರಡಕ್ಕೂ ಎರವಾಗುತ್ತಿದ್ದನು. ಈ ಸಂದರ್ಭದಲ್ಲಿ ತಂದೆಯು ತನ್ನ ಉಳಿತಾಯದ ಬಹುಭಾಗವನ್ನು ಬಂಡವಾಳವಾಗಿ ಕೊಟ್ಟನು. ಕಟ್ಟಡದ ಕೆಲಸವನ್ನು ಬಲ್ಲ ಅಣ್ಣ ಥಾಮಸನು ಜೊತೆಗೂಡಿದನು. ಒಬ್ಬನ ಸಾಹಸವೆಂದು ಹೊಗಳಿಸಿಕೊಳ್ಳುವುದರ ಹಿಂದೆ ಒಂದು ಕುಟುಂಬವು ತನ್ನ ಸರ್ವಸ್ವವನ್ನೂ ಪಣವಿಟ್ಟಿದ್ದುದನ್ನು ನಾವು ಮರೆಯಬಾರದು.

1857ರ ಜೂನ್ ತಿಂಗಳಿನಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಗ್ರೀನ್‌ಫರ್ಡ್ ಗ್ರೀನ್ ಎಂಬಲ್ಲಿ, ಕಾಲುವೆಯ ಪಕ್ಕದಲ್ಲಿ, ಕಾರ್ಖಾನೆಯ ಕಟ್ಟಡವನ್ನು ಆರಂಭಿಸಿದರು. ಎದುರಾದ ತೊಡಕುಗಳನ್ನು ಒಂದೊಂದಾಗಿ ನೋಡುವುದು ಒಳ್ಳೆಯದು.

ಮೊದಲನೆಯದು, ಮೂಲದ್ರವ್ಯ. ಅನಿಲೀನನ್ನು ಆಗ ಯಾರೂ ಮಾರುತ್ತಿರಲಿಲ್ಲ. ಅದು ಪ್ರಯೋಗಶಾಲೆಯ ಅಪರೂಪದ ವಸ್ತುವಾಗಿದ್ದಿತು. ಅದನ್ನು ಬೆನ್ಜೀನಿನಿಂದ ಮಾಡಬೇಕು. ಬೆನ್ಜೀನನ್ನು ಗ್ಲಾಸ್ಗೋ ನಗರದಿಂದ ತರಿಸಬೇಕು. ಬಂದದ್ದು ಶುದ್ಧವಲ್ಲದ್ದರಿಂದ ಮತ್ತೆ ಬಟ್ಟಿಯಿಳಿಸಬೇಕು.

ಎರಡನೆಯದು, ಆಮ್ಲ. ಬೆನ್ಜೀನನ್ನು ನೈಟ್ರೋಬೆನ್ಜೀನಾಗಿ ಮಾರ್ಪಡಿಸಲು ಪ್ರಬಲವಾದ ನೈಟ್ರಿಕ್ ಆಮ್ಲ ಬೇಕು. ಅಷ್ಟು ಪ್ರಬಲವಾದುದು ಪೇಟೆಯಲ್ಲಿ ಬೇಕಾದ ಪ್ರಮಾಣದಲ್ಲಿ ಸಿಗದಿದ್ದುದರಿಂದ ಚಿಲಿ ದೇಶದ ಸೋಡಿಯಂ ನೈಟ್ರೇಟನ್ನೂ ಗಂಧಕಾಮ್ಲವನ್ನೂ ಬೆರಸಿ ಆ ಮಿಶ್ರಣದಿಂದಲೇ ಕ್ರಿಯೆಯನ್ನು ನಡೆಸುವ ಉಪಾಯವನ್ನು ಮಾಡಿದನು.

ಮೂರನೆಯದು, ಸಲಕರಣೆ. ಗಾಜಿನ ಬುರುಡೆಯಲ್ಲಿ ಕೆಲವು ಗ್ರಾಂಗಳಷ್ಟು ಮಾಡುವ ಕ್ರಿಯೆಯನ್ನು ಮಣಗಟ್ಟಲೆ ಮಾಡಿದಾಗ ಹುಟ್ಟುವ ಶಾಖ ಸ್ಫೋಟಕ್ಕೆ ಕಾರಣವಾಗಬಹುದು. ಎರಕದ ಕಬ್ಬಿಣದ ದೊಡ್ಡ ಪಾತ್ರೆಗಳನ್ನು ಅವನೇ ರೂಪಿಸಬೇಕಾಯಿತು. ಇಂತಹ ಕೆಲಸಕ್ಕೆ ಮಾದರಿಯಾಗಿ ನೋಡಬಹುದಾದ ಕಾರ್ಖಾನೆ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ನೈಟ್ರೋಬೆನ್ಜೀನನ್ನು ಅನಿಲೀನಾಗಿ ಅಪಕರ್ಷಿಸಲು ಮಾತ್ರ ಫ್ರಾನ್ಸಿನ ಬೇಶಾಂಪನು 1854ರಲ್ಲಿ ತೋರಿಸಿದ್ದ, ಕಬ್ಬಿಣದ ಪುಡಿಯನ್ನೂ ಅಸೆಟಿಕ್ ಆಮ್ಲವನ್ನೂ ಉಪಯೋಗಿಸುವ ವಿಧಾನ ಸಿದ್ಧವಾಗಿ ಒದಗಿತು.

ನಾಲ್ಕನೆಯದು, ಬಟ್ಟೆ. ರೇಷ್ಮೆಗೆ ಬಣ್ಣ ತಾನಾಗಿ ಹಿಡಿಯುತ್ತಿದ್ದರೂ ಎಲ್ಲೆಡೆಯೂ ಸಮನಾಗಿ ಹಿಡಿಯುತ್ತಿರಲಿಲ್ಲ. ಸಾಬೂನಿನ ನೀರಿನಲ್ಲಿ ಬಣ್ಣ ಕಟ್ಟುವುದರಿಂದ ಅದು ಸರಿಹೋಯಿತು. ಹತ್ತಿಯ ಬಟ್ಟೆಗಾದರೆ ಬಣ್ಣವೇ ನಿಲ್ಲುತ್ತಿರಲಿಲ್ಲ. ಬಟ್ಟೆಗೂ ಬಣ್ಣಕ್ಕೂ ನಡುವೆ ನಿಂತು ಎರಡನ್ನೂ ಹಿಡಿದಿಡುವ ವಸ್ತುವಿಗೆ ವರ್ಣಬಂಧಕವೆಂದು ಹೆಸರು. ನಮ್ಮ ಬಣ್ಣಗಾರರು ಅಳಲೆಕಾಯಿಯ ಕಷಾಯವನ್ನೂ ಪಟಿಕವನ್ನೂ ಬಹುಕಾಲದಿಂದ ಈ ಕೆಲಸಕ್ಕೆ ಬಳಸಿದ್ದಾರೆ. ಆದರೆ ಆಗ ರೂಢಿಯಲ್ಲಿದ್ದ ಬಂಧಕಗಳು ಈ ಹೊಸ ಬಣ್ಣಕ್ಕೆ ಒಗ್ಗಲಿಲ್ಲ. ಬಟ್ಟೆಯನ್ನು ಮೊದಲು ಟ್ಯಾನಿನ್ನಿನಲ್ಲಿ ನೆನೆಸಿ ಅನಂತರ ಲೋಹದ ಲವಣವನ್ನು ಕೊಡುವ ಕ್ರಮವನ್ನು ಪರ್ಕಿನ್ನನೂ ಪುಲ್ಲರನೂ ಸ್ವತಂತ್ರವಾಗಿ ಕಂಡುಹಿಡಿದರು. ಹತ್ತಿಯ ಮಾರುಕಟ್ಟೆಯ ಬಾಗಿಲು ತೆರೆದುದು ಈ ಉಪಾಯದಿಂದ. ಅವನು ತಾನೇ ಬಣ್ಣಗಾರರ ಕಾರ್ಖಾನೆಗಳಿಗೆ ಹೋಗಿ ಅವರ ತೊಟ್ಟಿಗಳ ಬಳಿ ನಿಂತು ಬಳಕೆಯ ಕ್ರಮವನ್ನು ಕಲಿಸಿದನು, ತಾನೂ ಕಲಿತನು.

1857ರ ಡಿಸೆಂಬರ್ ವೇಳೆಗೆ, ಎಂದರೆ ಅಡಿಗಲ್ಲಿಟ್ಟ ಆರು ತಿಂಗಳಿಗೆ, ಗ್ರೀನ್‌ಫರ್ಡಿನ ಬಣ್ಣ ಲಂಡನ್ನಿನ ರೇಷ್ಮೆಯ ಕಾರ್ಖಾನೆಯೊಂದನ್ನು ಮುಟ್ಟಿತು. ಆಗ ಅದೃಷ್ಟವು ಎರಡನೆಯ ಸಲ ಒದಗಿತು. ಫ್ರಾನ್ಸಿನ ಸಾಮ್ರಾಜ್ಞಿ ಯೂಜೀನಿಗೆ ಊದಾ ಬಣ್ಣ ಮೆಚ್ಚಿಗೆಯಾಗಿದ್ದಿತು. 1858ರ ಜನವರಿಯಲ್ಲಿ ತನ್ನ ಮಗಳ ಮದುವೆಗೆ ವಿಕ್ಟೋರಿಯಾ ರಾಣಿಯು ಅದೇ ಬಣ್ಣದ ಉಡುಪನ್ನು ತೊಟ್ಟಳು. ಊದಾ ಬಣ್ಣಕ್ಕೆ ಎಲ್ಲೆಲ್ಲಿಯೂ ಬೇಡಿಕೆ ಹುಟ್ಟಿತು. ಆದರೆ ಆ ಬೇಡಿಕೆ ಬಂದಾಗ ಪೀಪಾಯಿಗಳಲ್ಲಿ ಬಣ್ಣ ಸಿದ್ಧವಾಗಿಲ್ಲದಿದ್ದರೆ ಅದರ ಲಾಭ ಬೇರೆಯವರ ಪಾಲಾಗುತ್ತಿದ್ದಿತು.

5. ಎರಡನೆಯ ಉಪಜ್ಞೆ

ಗೆಲುವು ಸ್ಪರ್ಧಿಗಳನ್ನು ಹುಟ್ಟಿಸುತ್ತದೆ. ಫ್ರಾನ್ಸಿನಲ್ಲಿ ಪರ್ಕಿನ್ನನ ಪೇಟೆಂಟ್ ಅರ್ಜಿಯ ಅವಧಿಯ ದೋಷದಿಂದ ಊರ್ಜಿತವಾಗಲಿಲ್ಲ. ಅಲ್ಲಿಯವರು ನಿರಾತಂಕವಾಗಿ ಮಾವ್ ತಯಾರಿಸಿದರು. 1859ರಲ್ಲಿ ಲಿಯೋನ್ ನಗರದ ವೆರ್ಗೆನನು ಅನಿಲೀನಿನಿಂದಲೇ ಮೆಜೆಂಟ ಎಂಬ ಕಡುಗೆಂಪು ಬಣ್ಣವನ್ನು ತೆಗೆದನು. 1863ರಲ್ಲಿ ಹಾಫ್‌ಮನ್ನನೇ ಹೊಸ ನೇರಿಳೆ ಬಣ್ಣಗಳನ್ನು ರೂಪಿಸಿದನು. ಹೀಗೆ ಸುಮಾರು ಹತ್ತು ವರ್ಷಗಳಲ್ಲಿ ಮಾವ್ ಹಳೆಯದಾಯಿತು. ಒಂದೇ ಉಪಜ್ಞೆಯನ್ನು ನಂಬಿ ಕುಳಿತಿದ್ದರೆ ಪರ್ಕಿನ್ನನ ಹೆಸರೂ ಅದರೊಡನೆಯೇ ಮಾಸಿಹೋಗುತ್ತಿದ್ದಿತು.

1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮನ್ನರು ಮಂಜಿಷ್ಠದ ಬೇರಿನ ಕೆಂಪು ಬಣ್ಣಕ್ಕೆ ಕಾರಣವಾದ ಅಲಿಜರಿನ್ ಎಂಬ ವಸ್ತುವನ್ನು ಟಾರಿನ ಆಂತ್ರಸೀನಿನಿಂದ ತಯಾರಿಸಬಹುದೆಂದು ತೋರಿಸಿದರು. ಆದರೆ ಅವರ ವಿಧಾನಕ್ಕೆ ದುಬಾರಿಯಾದ ಬ್ರೋಮಿನ್ ಬೇಕಾಗಿದ್ದಿತು. ಆಂತ್ರಸೀನ್ ಎಂದೊಡನೆ ಪರ್ಕಿನ್ನನಿಗೆ ಕಾಲೇಜಿನ ತನ್ನ ಮೊದಲ ಸೋಲು ನೆನಪಾಯಿತು. ಆ ವಸ್ತುವನ್ನು ಶುದ್ಧಗೊಳಿಸುವ ಬಗೆಯೂ ಅದರ ಸ್ವಭಾವವೂ ಅವನಿಗೆ ಚಿರಪರಿಚಿತ. ಬ್ರೋಮಿನ್ನಿಗೆ ಬದಲು ಅಗ್ಗವಾದ ಗಂಧಕಾಮ್ಲವನ್ನು ಬಳಸುವ ವಿಧಾನವನ್ನು ಅವನು ಬೇಗನೆ ಸಿದ್ಧಪಡಿಸಿ 1869ರ ಜೂನ್ 26ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಅದೇ ವಿಧಾನಕ್ಕೆ ಜರ್ಮನಿಯ ಕ್ಯಾರೋ, ಗ್ರೇಬೆ, ಲೀಬರ್‌ಮನ್ನರ ಅರ್ಜಿಯು ಹಿಂದಿನ ದಿನ, ಜೂನ್ 25ರಂದು, ದಾಖಲಾಗಿದ್ದಿತು! ಇದರಿಂದ ವ್ಯಾಜ್ಯ ಬೆಳೆಯುವುದಕ್ಕೆ ಬದಲು ಎರಡು ಪಕ್ಷಗಳೂ ಮಾರುಕಟ್ಟೆಯನ್ನು ಹಂಚಿಕೊಂಡು ಒಪ್ಪಂದಕ್ಕೆ ಬಂದುವು. ಗ್ರೀನ್‌ಫರ್ಡಿನಲ್ಲಿ 1869ರಲ್ಲಿ 1 ಟನ್ನು, 1870ರಲ್ಲಿ 40 ಟನ್ನು, 1871ರಲ್ಲಿ 220 ಟನ್ನು ಅಲಿಜರಿನ್ ಲೇಪ ತಯಾರಾಯಿತು.

ಇಲ್ಲಿ ಅದೃಷ್ಟಕ್ಕೆ ಪಾಲಿಲ್ಲ. ಎರಡನೆಯ ಉಪಜ್ಞೆಯು ಸಂಪೂರ್ಣವಾಗಿ ವ್ಯುತ್ಪತ್ತಿ ಮತ್ತು ಅಭ್ಯಾಸಗಳ ಫಲ. ವಿದ್ಯಾರ್ಥಿಯಾಗಿ ಪಟ್ಟ ಪಾಡು ವ್ಯರ್ಥವೆಂದು ತೋರಿದ್ದರೂ ಅದು ಕೈಯ ತಿಳಿವಳಿಕೆಯಾಗಿ ಉಳಿದುಬಂದಿದ್ದಿತು.

6. ವ್ಯಕ್ತಿಯ ಗೆಲುವು, ನಾಡಿನ ಹಿನ್ನಡೆ

1874ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಪರ್ಕಿನ್ನನು ಕಾರ್ಖಾನೆಯನ್ನು ಮಾರಿ ಉದ್ಯಮದಿಂದ ನಿವೃತ್ತನಾದನು. ಜರ್ಮನಿಯ ಸ್ಪರ್ಧೆಗೆ ಎದುರಾಗಿ ನಿಲ್ಲಬೇಕಾದರೆ ಕಾರ್ಖಾನೆಯನ್ನು ಹಲವು ಮಡಿ ಬೆಳೆಸಬೇಕಾಗಿದ್ದಿತು. ಅದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಜೀವನಕ್ಕೆ ಸಾಕಾಗುವಷ್ಟು ಸಂಪಾದನೆಯಾಗಿದ್ದಿತು. ಮೊದಲಿನಿಂದಲೂ ಅವನ ಆಸೆ ಶುದ್ಧ ಸಂಶೋಧನೆಯ ಕಡೆಗೆ. ಕಾರ್ಖಾನೆಯ ನಡುವೆಯೂ ಅದನ್ನು ಅವನು ಬಿಟ್ಟಿರಲಿಲ್ಲ. 1868ರಲ್ಲಿ ಅವನು ಕೃತಕವಾಗಿ ತಯಾರಿಸಿದ ಕೌಮರಿನ್ ಎಂಬ ಸುಗಂಧದ್ರವ್ಯವೂ, ವಿದ್ಯಾರ್ಥಿಗಳು ಇಂದಿಗೂ ಓದುವ ಪರ್ಕಿನ್ ಕ್ರಿಯೆಯೂ ಇದಕ್ಕೆ ನಿದರ್ಶನಗಳು. ನಿವೃತ್ತಿಯ ಅನಂತರ ಬಹುಕಾಲವನ್ನು, ಫ್ಯಾರಡೆಯು 1845ರಲ್ಲಿ ಕಂಡಿದ್ದ ವಿದ್ಯಮಾನವನ್ನು, ಎಂದರೆ ಅಯಸ್ಕಾಂತದ ಪ್ರಭಾವದಿಂದ ದ್ರವಗಳಲ್ಲಿ ಬೆಳಕಿನ ಕಂಪನತಲವು ತಿರುಗುವುದನ್ನು, ಅಳೆಯುತ್ತ ಕಳೆದನು. ಬಾಲ್ಯದಲ್ಲಿ ಕೇಳಿದ ಉಪನ್ಯಾಸಕಾರನ ದಾರಿಗೇ ಅವನು ಕೊನೆಗೆ ಬಂದು ಸೇರಿದನೆನ್ನಬಹುದು. 1879ರಲ್ಲಿ ರಾಯಲ್ ಪದಕ, 1889ರಲ್ಲಿ ಡೇವಿ ಪದಕ, 1906ರಲ್ಲಿ ‘ಸರ್’ ಪದವಿ ಅವನಿಗೆ ಸಂದುವು. 1907ರ ಜುಲೈ 14ರಂದು ಅವನು ಕಾಲವಾದನು. ಗುರುವಿನ ಭೀತಿ ಸುಳ್ಳಾಯಿತು. ಶಿಷ್ಯನು ಶಾಸ್ತ್ರವನ್ನು ತೊರೆಯಲಿಲ್ಲ. ವ್ಯಕ್ತಿಯ ಸಿದ್ಧಿಯೆಂಬುದಕ್ಕೆ ಇದಕ್ಕಿಂತ ತುಂಬಿದ ಉದಾಹರಣೆ ವಿರಳ.

ಆದರೆ ಇದೇ ಕಥೆಯನ್ನು ಇಂಗ್ಲೆಂಡಿನ ದೃಷ್ಟಿಯಿಂದ ನೋಡಿದರೆ ಚಿತ್ರವು ಬದಲಾಗುತ್ತದೆ. 1865ರಲ್ಲಿ ಹಾಫ್‌ಮನ್ನನು ಬರ್ಲಿನ್ನಿಗೆ ಹೊರಟುಹೋದನು. ಇಂಗ್ಲೆಂಡಿನಲ್ಲಿ ಕೆಲಸ ಕಲಿತ ಕ್ಯಾರೋ ಸ್ವದೇಶಕ್ಕೆ ಹಿಂದಿರುಗಿ, 1865ರಲ್ಲಿ ಹುಟ್ಟಿದ ಬಾಡಿಷೆ ಕಂಪೆನಿಯನ್ನು ಸೇರಿದನು. ಜರ್ಮನಿಯ ವಿಶ್ವವಿದ್ಯಾನಿಲಯಗಳು ತರಬೇತುಗೊಂಡ ರಸಾಯನಜ್ಞರನ್ನು ಎಡೆಬಿಡದೆ ಒದಗಿಸಿದುವು. ಕಂಪೆನಿಗಳು ಅವರಿಗಾಗಿಯೇ ಸಂಶೋಧನಾಲಯಗಳನ್ನು ತೆರೆದುವು. ಒಬ್ಬ ಪರ್ಕಿನ್ನನ ಪ್ರತಿಭೆ ಮಾಡಿದುದನ್ನು ಅಲ್ಲಿ ಒಂದು ವ್ಯವಸ್ಥೆಯೇ ಮಾಡತೊಡಗಿತು. ನೀಲಿಯ ಚರಿತ್ರೆ ಇದಕ್ಕೆ ಸಾಕ್ಷಿ. 1880ರಲ್ಲಿ ಬಾಯರನು ಪ್ರಯೋಗಶಾಲೆಯಲ್ಲಿ ನೀಲಿಯನ್ನು ತಯಾರಿಸಿದನು. ಅದು ಬಾಡಿಷೆ ಕಂಪೆನಿಯಿಂದ ಮಾರುಕಟ್ಟೆಗೆ ಬಂದುದು 1897ರಲ್ಲಿ. ಹದಿನೇಳು ವರ್ಷಗಳ ಈ ಅಂತರದಲ್ಲಿ ಆ ಕಂಪೆನಿ ಸುಮಾರು 1 ಕೋಟಿ 80 ಲಕ್ಷ ಮಾರ್ಕುಗಳನ್ನು ವೆಚ್ಚಮಾಡಿತು. ಯಾವ ಬಡಗಿಯ ಉಳಿತಾಯವೂ ಇದಕ್ಕೆ ಸಾಲದು.

ಗೆಲುವಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಹೇಳದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ಕೃತಕ ಅಲಿಜರಿನ್ನಿನಿಂದ ದಕ್ಷಿಣ ಫ್ರಾನ್ಸಿನ ಮಂಜಿಷ್ಠದ ಬೆಳೆಗಾರರು ಕೆಲವೇ ವರ್ಷಗಳಲ್ಲಿ ಬೆಳೆಯನ್ನು ಕಳೆದುಕೊಂಡರು. ಕೃತಕ ನೀಲಿಯ ಹೊಡೆತ ಬಿಹಾರಕ್ಕೆ ತಾಗಿತು. ಚಂಪಾರಣ್ಯದಲ್ಲಿ ಇಪ್ಪತ್ತು ಕಠ್ಠಾ ಜಮೀನಿಗೆ ಮೂರು ಕಠ್ಠಾದಂತೆ ನೀಲಿಯನ್ನು ಬೆಳೆದುಕೊಡಲೇಬೇಕೆಂಬ ಕಟ್ಟು ರೈತರ ಮೇಲಿದ್ದಿತು. ನೀಲಿಯ ಬೆಲೆ ಕುಸಿದಾಗ ತೋಟದ ಒಡೆಯರು ಆ ಕಟ್ಟನ್ನು ಸಡಿಲಿಸುವ ನೆಪದಿಂದ ಗೇಣಿಯನ್ನು ಏರಿಸಿ, ಇಡಿಗಂಟನ್ನು ವಸೂಲುಮಾಡಿ, ತಮ್ಮ ನಷ್ಟವನ್ನು ರೈತನ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿಯವರು ಅಲ್ಲಿಗೆ ಹೋಗಿ ವಿಚಾರಿಸಿದ ದುಃಖದ ಒಂದು ಮೂಲ ರೈನ್ ನದಿಯ ತೀರದ ಪ್ರಯೋಗಶಾಲೆಯಲ್ಲಿದ್ದಿತು. 1918ರ ಕಾಯಿದೆಯಿಂದ ಆ ಪದ್ಧತಿ ರದ್ದಾಯಿತು. ಉಪಜ್ಞೆಯು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದರ ಲಾಭನಷ್ಟಗಳು ಯಾರ ಪಾಲಿಗೆ ಬರಬೇಕೆಂಬುದನ್ನು ಸಮಾಜದ ಕಟ್ಟುಪಾಡು ನಿರ್ಧರಿಸುತ್ತದೆ.

ಜರ್ಮನಿಯ ಮೇಲಣ ಅವಲಂಬನೆಯ ಅಪಾಯ 1914ರ ಮಹಾಯುದ್ಧದಲ್ಲಿ ಪ್ರಕಟವಾಯಿತು. ಬಣ್ಣಗಳ ಬಹುಪಾಲನ್ನು ಶತ್ರುದೇಶದಿಂದ ತರಿಸುತ್ತಿದ್ದ ಇಂಗ್ಲೆಂಡು ದಿಕ್ಕುಗೆಟ್ಟಿತು. ಅದೇ ಯುದ್ಧ ನಮ್ಮ ನಾಡಿಗೆ ಬೇರೊಂದು ಬಗೆಯಲ್ಲಿ ತಟ್ಟಿತು. ಮೈಸೂರಿನ ಶ್ರೀಗಂಧದ ಮರ ಅದುವರೆಗೆ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. ಆ ವ್ಯಾಪಾರ ನಿಂತುಹೋದಾಗ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರ ಪ್ರಯೋಗಗಳ ನೆರವಿನಿಂದ, 1916ರಲ್ಲಿ ಸಂಸ್ಥಾನದಲ್ಲಿಯೇ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಉದ್ಯಮ ಆರಂಭವಾಯಿತು. ಇಲ್ಲಿ ಅಪೂರ್ವವಾದ ಉಪಜ್ಞೆಯೇನೂ ಇರಲಿಲ್ಲ. ಮೂಲದ್ರವ್ಯ, ಶಾಸ್ತ್ರಜ್ಞಾನ, ಬಂಡವಾಳ, ಬೇಡಿಕೆ ಇವುಗಳನ್ನು ಸಕಾಲದಲ್ಲಿ ಒಂದೆಡೆ ಕೂಡಿಸಿದುದೇ ಅದರ ಹಿರಿಮೆ.

7. ಉಪಸಂಹಾರ

ಆರಂಭದ ಪ್ರಶ್ನೆಗಳಿಗೆ ಈಗ ಹಿಂದಿರುಗಬಹುದು. ಶಕ್ತಿ, ನಿಪುಣತೆ, ಅಭ್ಯಾಸಗಳು ಕೂಡಿದ ಒಂದೇ ಕಾರಣವೆಂಬ ಮಾತು ವಿಜ್ಞಾನದ ಉಪಜ್ಞೆಗೂ ಸಲ್ಲುತ್ತದೆ. ಅದೃಷ್ಟವು ಬಾಗಿಲನ್ನು ತಟ್ಟಬಹುದು. ತೆರೆಯಲು ಒಳಗೆ ಯಾರಾದರೂ ಎಚ್ಚರವಾಗಿರಬೇಕು. ಉದ್ಯಮಕ್ಕಾದರೆ ಇಷ್ಟೇ ಸಾಲದು. ಬಳಸುವವನ ಮಾತನ್ನು ಕೇಳುವ ವಿನಯ, ಹೆಸರಿಲ್ಲದ ನೂರು ಸಣ್ಣ ತೊಡಕುಗಳನ್ನು ಬಿಡಿಸುವ ತಾಳ್ಮೆ, ನಷ್ಟಕ್ಕೆ ಸಿದ್ಧರಾದ ಬಂಧುಗಳು ಅಥವಾ ಸಂಸ್ಥೆಗಳು ಬೇಕು. ಆ ಉದ್ಯಮವು ಒಂದು ತಲೆಮಾರನ್ನು ದಾಟಿ ನಿಲ್ಲಬೇಕಾದರೆ ಸುಶಿಕ್ಷಿತರನ್ನು ಸತತವಾಗಿ ಒದಗಿಸುವ ವಿದ್ಯಾಲಯಗಳು ಬೇಕು.

ಅಧ್ಯಾಪಕರಾದ ನಮಗೆ ಇದರಲ್ಲಿ ವಿಶೇಷವಾದ ಪಾಠವಿದೆ. ನಮ್ಮ ಪ್ರಯೋಗಶಾಲೆಗಳಲ್ಲಿ ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಮಾಡಿಸುತ್ತೇವೆ. ನಿರೀಕ್ಷಿತ ಫಲ ಬಾರದಿದ್ದರೆ ವಿದ್ಯಾರ್ಥಿಯು ನೆರೆಯವನ ಪುಸ್ತಕದಿಂದ ಅಂಕಿಗಳನ್ನು ನಕಲುಮಾಡಿ ಗಷ್ಟನ್ನು ತೊಟ್ಟಿಗೆ ಚೆಲ್ಲುತ್ತಾನೆ. ನಾವು ಗುರುತುಹಾಕಿ ಸಹಿಮಾಡುತ್ತೇವೆ. ಹೀಗೇಕಾಯಿತೆಂದು ಕೇಳುವ ವಿದ್ಯಾರ್ಥಿಗೆ ಒಂದು ಗಂಟೆಯ ಬಿಡುವನ್ನೂ ಸ್ವಲ್ಪ ಮದ್ಯಸಾರವನ್ನೂ ಕೊಡುವ ಔದಾರ್ಯ ನಮಗಿದ್ದರೆ, ಊಟದ ಬಿಡುವಿನಲ್ಲಿ ಪಾಠ ಹೇಳಿದ ಆ ಉಪಾಧ್ಯಾಯನ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾಗುತ್ತದೆ.

ಕೊನೆಯದಾಗಿ ಒಂದು ಮಾತು. ಪರ್ಕಿನ್ನನು ಹುಡುಕಿಹೊರಟದ್ದು ಮಲೇರಿಯಾದ ಮದ್ದನ್ನು, ಸಿಕ್ಕಿದುದು ಬಣ್ಣ. ಅವನು ತೋರಿದ ದಾರಿಯಲ್ಲಿ ಹುಟ್ಟಿದ ಬಣ್ಣಗಳಿಂದ ಜೀವಕೋಶಗಳನ್ನು ಬಣ್ಣಗಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಸಾಧ್ಯವಾಯಿತು. 1882ರಲ್ಲಿ ಕಾಖನು ಕ್ಷಯರೋಗದ ಕ್ರಿಮಿಯನ್ನು ಕಂಡದ್ದು ಅಂತಹ ಬಣ್ಣದ ಸಹಾಯದಿಂದ. ಮೆಥಿಲೀನ್ ಬ್ಲೂ ಎಂಬ ಟಾರಿನ ಬಣ್ಣವನ್ನು 1891ರಲ್ಲಿ ಎರ್ಲಿಕ್ ಮತ್ತು ಗುಟ್‌ಮನ್ನರು ಮಲೇರಿಯಾ ರೋಗಿಗಳಿಗೆ ಮದ್ದಾಗಿ ಕೊಟ್ಟು ಗುಣವನ್ನು ಕಂಡರು. ಈಸ್ಟರ್ ರಜೆಯ ಆ ಪ್ರಯತ್ನ ಬಯಸಿದ ಫಲವನ್ನು ಮೂವತ್ತೈದು ವರ್ಷಗಳ ಅನಂತರ, ಬೇರೆಯವರ ಕೈಯಲ್ಲಿ, ಕೊಟ್ಟಿತು.